ಕರೇಕಲ್ ಕೆರೆಯ ಹಸಿರು ಕೆನೆ

ಆ ವರ್ಷ ಶಿವರಾತ್ರಿ ಇನ್ನೂ ಮುಂದಿರುವಾಗಲೇ ಕರೇಕಲ್ ದೊಡ್ಡಿಯ ಕೆರೆದಂಡೆಯಲ್ಲಿ ಮಾಳಮ್ಮನ ಕುರಿಗಳು ಸತ್ತವು. ಬೆಳಿಗ್ಗೆ ನೀರು ಕುಡಿದವುಗಳು ಹೊತ್ತೇರುವಷ್ಟರಲ್ಲಿ ಕಾಲು ತೊಡರಿಸಿಕೊಂಡು ನಡೆಯತೊಡಗಿದವು. ಮಧ್ಯಾಹ್ನ ಜಾಲಿಯ ನೆರಳಿಗೆ ಮಲಗಿದವು, ಮತ್ತೆ ಏಳಲಿಲ್ಲ. ಅವಳ ಮೈದುನ ಮಲ್ಕಪ್ಪ ಒಂದನ್ನು ಕೊಯ್ದು ನೋಡಿದ. ಕಲೀಜಿ, ಅಂದರೆ ಯಕೃತ್ತು, ರಕ್ತ ತುಂಬಿಕೊಂಡು ಕಪ್ಪಾಗಿ ಊದಿತ್ತು. ಇಂಥದ್ದನ್ನು ಅವನು ಯಾವ ಬೇನೆಯಲ್ಲೂ ಕಂಡಿರಲಿಲ್ಲ.

ಶಹಾಪುರದಿಂದ ಸಗರಕ್ಕೆ ಹೋಗುವ ಬಂಡಿದಾರಿಯಿಂದ ಒಳಗೆ, ಕರಿ ಬಂಡೆಗಳ ನಡುವೆ ಇರುವ ಊರು ಅದು. ಊರೆಂದರೂ ಕುರಿ ಸಾಕುವವರ ಕೆಲವು ಮನೆಗಳು, ಮುಳ್ಳುಬೇಲಿಯ ಹಟ್ಟಿಗಳು, ಒಂದು ಬೀರಪ್ಪನ ಗುಡಿ, ಒಂದು ಕೆರೆ. ಕೆರೆಯ ಪಡುವಣ ದಂಡೆಯಲ್ಲಿ ಒಂದು ಅಗಲವಾದ ಬಂಡೆಯಿತ್ತು. ಅದರ ಪಕ್ಕದಲ್ಲೇ ಬಣ್ಣದ ವಹಾಬನ ಮನೆ. ಸಗರದ ನೇಕಾರರಿಗೆ ನೂಲಿಗೆ ಬಣ್ಣ ಹಾಕಿಕೊಡುವುದು ಅವನ ಕಸುಬು. ನೂಲನ್ನು ತೊಳೆಯುತ್ತಿದ್ದದ್ದು ಆ ಬಂಡೆಯ ಮೇಲೆ.

ಕುರಿ ಸತ್ತ ದಿನ ಬಂಡೆಯ ಸುತ್ತಲಿನ ನೀರು ಗಿಳಿಹಸಿರಾಗಿತ್ತು. ಯಾರೋ ಕೊಡಗಟ್ಟಲೆ ಬಣ್ಣ ಸುರಿದಂತೆ ದಪ್ಪಗೆ ಮಡಿಕೆ ಮಡಿಕೆಯಾಗಿ ದಂಡೆಗೆ ಹತ್ತಿತ್ತು. ಆ ವಾರ ವಹಾಬ ಮದುವೆಯ ಸೀರೆಯ ನೂಲಿಗೆಂದು ನೀಲಿಯ ಮೇಲೆ ಅರಿಶಿನ ಕೊಟ್ಟು ಹಸಿರು ಬಣ್ಣ ತೆಗೆದಿದ್ದ. ಅದು ಎಲ್ಲರಿಗೂ ಗೊತ್ತಿತ್ತು.

ಮಲ್ಕಪ್ಪ ಬಾಯಿಬಿಟ್ಟೇ ಹೇಳಿದ: "ಇವನ ಬಣ್ಣನ ಕುರಿ ಕೊಂದೈತಿ."

ಮನೆಯ ಹಿರಿಯ ಬಾಲಪ್ಪ, ಮಾಳಮ್ಮನ ಮಾವ, ಸತ್ತ ಕುರಿಗಳ ಪಕ್ಕದಲ್ಲೇ ಕೂತಿದ್ದ. ಎರಡು ವರ್ಷದ ಹಿಂದೆ, ನಿಜಾಮರ ರಾಜ್ಯ ಭಾರತಕ್ಕೆ ಸೇರಿದ ಪೊಲೀಸ್ ಆಕ್ಷನ್ನಿನ ಗಲಾಟೆಯಲ್ಲಿ, ಇದೇ ವಹಾಬನನ್ನೂ ಅವನ ಹೆಂಡತಿಯನ್ನೂ ಕುರಿಹಟ್ಟಿಯ ಒಳಗೆ ಕಂಬಳಿ ಹೊದಿಸಿ ಕೂಡಿಸಿಟ್ಟು ಉಳಿಸಿದವನು ಬಾಲಪ್ಪ. ತಾನೇ ಉಳಿಸಿದ ಮನುಷ್ಯನ ಮೇಲೆ ಈಗ ಸಂಶಯಪಡುವುದು ಅವನಿಗೆ ಕಷ್ಟ. ಹಾಗೆಂದು ಸತ್ತ ಕುರಿಗಳನ್ನು ನೋಡಿ ಸುಮ್ಮನಿರುವುದೂ ಕಷ್ಟ. ಎದ್ದು ವಹಾಬನ ಮನೆಯ ಕಡೆ ಬೆನ್ನು ಮಾಡಿ ಕೂತ.

ವಹಾಬನ ಪಾಡು ಇನ್ನೂ ಬೇರೆ. ಯಾರೂ ಕೇಳುವ ಮೊದಲೇ ಅವನು ಹಂಡೆಗಳನ್ನು ಬೋರಲು ಹಾಕಿ ಒಲೆ ಆರಿಸಿದ್ದ. ತನ್ನ ಬಣ್ಣವೇ ಕೊಂದಿರಬಹುದೇ ಎಂಬ ಅನುಮಾನ ಅವನನ್ನೂ ತಿನ್ನುತ್ತಿತ್ತು. ಅಜ್ಜನ ಕಾಲದಿಂದ ಅದೇ ನೀಲಿ, ಅದೇ ಅರಿಶಿನ. ಆದರೂ ಹೇಗೆ ಹೇಳುವುದು? ಕೊನೆಗೆ ಒಂದು ಸೀಸೆಯಲ್ಲಿ ಆ ಹಸಿರು ನೀರನ್ನು ತುಂಬಿ, ಬಟ್ಟೆಯ ಬಿರಡೆ ತುರುಕಿ, ಸಗರದ ಬಂಡಿಯೊಂದನ್ನು ಹತ್ತಿ ಶಹಾಪುರಕ್ಕೆ ಹೊರಟ.

ಶಹಾಪುರದಲ್ಲಿ ತಹಸೀಲಿನ ಹಳೆಯ ಪೇಶಕಾರ ಅಮೀನುದ್ದೀನರ ಮನೆಯಿತ್ತು. ಅವರ ಮಗಳು ಖುರ್ಷೀದಬೇಗಂ ಹೈದರಾಬಾದಿನಲ್ಲಿ ಗಿಡಮರಗಳ ಶಾಸ್ತ್ರ ಓದಿ ಕಲಬುರ್ಗಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು. ಉರ್ದುವಿನಲ್ಲಿ ಹೇಳುತ್ತಿದ್ದ ಪಾಠವನ್ನು ಮುಂದಿನ ವರ್ಷದಿಂದ ಕನ್ನಡದಲ್ಲಿ ಹೇಳಬೇಕೆಂದು ಹುಕುಂ ಬಂದಿತ್ತು. ಮಾತಾಡಲು ಅವಳಿಗೆ ಕನ್ನಡ ಸಲೀಸು, ಓಣಿಯಲ್ಲಿ ಆಡಿ ಬೆಳೆದದ್ದೇ ಅದರಲ್ಲಿ. ಆದರೆ ಬೇರು, ಎಲೆ, ಹೂವು ದಾಟಿದರೆ ತನ್ನ ವಿದ್ಯೆಯ ಮಾತುಗಳಿಗೆ ಕನ್ನಡದ ಹೆಸರೇ ಅವಳಿಗೆ ಗೊತ್ತಿರಲಿಲ್ಲ. ಅದಕ್ಕೇ ರಜೆ ಹಾಕಿ ಮನೆಗೆ ಬಂದು, ಮಕ್ಕಳ ಪುಸ್ತಕ ಇಟ್ಟುಕೊಂಡು ಒತ್ತಕ್ಷರ ತಿದ್ದುತ್ತಿದ್ದಳು.

ವಹಾಬ ಪಡಸಾಲೆಯ ಅಂಚಿಗೆ ಕೂತು ನಡೆದದ್ದನ್ನೆಲ್ಲ ಹೇಳಿದ. "ನೀವು ಕಲ್ತವರಿದ್ದೀರಿ ಬೀಬಿ. ನನ್ನ ಬಣ್ಣ ಕೊಂದಿದ್ರ ಕೊಂದದ ಅಂತ ಹೇಳ್ರಿ, ನಾ ಕಸುಬು ಬಿಡ್ತೀನಿ. ಕೊಂದಿಲ್ಲ ಅಂದ್ರ ಅದನ್ನಾರ ಹೇಳ್ರಿ. ಗೊತ್ತಿಲ್ದ ಇರೋದು ಆಗಲ್ದು."

ಖುರ್ಷೀದ ಸೀಸೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಒಳಗಿನಿಂದ ಚಹಾ ತಂದುಕೊಟ್ಟಳು. ವಹಾಬ ಚಹಾ ಮುಗಿಸುವಷ್ಟರಲ್ಲಿ ಅವಳ ಕಣ್ಣು ಸೀಸೆಗೆ ನೆಟ್ಟಿತು. ಹಸಿರೆಲ್ಲ ಮೇಲಕ್ಕೆ ಬಂದು ಕುತ್ತಿಗೆಯಲ್ಲಿ ಕೂತಿತ್ತು. ಕೆಳಗಿನ ನೀರು ತಿಳಿಯಾಗಿತ್ತು.

"ಚಾಚಾ, ನಿಮ್ಮ ಹಂಡೆದ ಬಣ್ಣ ನಿಲ್ಲಿಸಿಟ್ರ ಹಿಂಗ ಮ್ಯಾಲ ಬರ್ತದೇನು?"

ವಹಾಬ ಹತ್ತಿರ ಬಂದು ನೋಡಿದ. "ಇಲ್ಲ ಬೀಬಿ. ಬಣ್ಣ ನೀರಾಗ ಕರಗಿಹೋಗ್ತದ. ಉಳದದ್ದು ತಳಕ್ಕ ಕೂಡ್ತದ. ಇದೇನಿದು?"

ಅವಳು ಸೀಸೆಯನ್ನು ಜೋರಾಗಿ ಅಲ್ಲಾಡಿಸಿ ಮತ್ತೆ ಇಟ್ಟಳು. ಇಬ್ಬರೂ ಕಾದರು. ಮೊದಲು ಒಂದೊಂದೇ ಹಸಿರು ಚುಕ್ಕೆ, ಆಮೇಲೆ ಹಿಂಡು ಹಿಂಡಾಗಿ, ಮತ್ತೆ ಮೇಲಕ್ಕೆ ಏರಿದವು.

ಕರಾಚಿಗೆ ಹೊರಟುಹೋದ ಅವಳ ಗುರುಗಳು ಬಿಟ್ಟುಹೋಗಿದ್ದ ಹಿತ್ತಾಳೆಯ ಖುರ್ದಬೀನು, ಸಣ್ಣದನ್ನು ದೊಡ್ಡದಾಗಿ ತೋರಿಸುವ ಯಂತ್ರ, ಮನೆಯಲ್ಲಿತ್ತು. ಒಂದು ಹನಿಯನ್ನು ಗಾಜಿನ ಮೇಲೆ ಹಾಕಿ ಕಣ್ಣಿಟ್ಟಳು. ಸಾಸಿವೆಗಿಂತ ಎಷ್ಟೋ ಚಿಕ್ಕ ಮಣಿಗಳು ಒಂದಕ್ಕೊಂದು ಅಂಟಿಕೊಂಡು ಗೊಂಚಲಾಗಿದ್ದವು. ಪ್ರತಿ ಮಣಿಯ ಒಳಗೂ ಕಪ್ಪಾಗಿ ಮಿನುಗುವ ಗಾಳಿಗುಳ್ಳೆಯಂಥದ್ದು. ಅದೇ ಅವುಗಳನ್ನು ತೇಲಿಸುತ್ತಿರಬೇಕು. ಬೇರೆ ದೇಶಗಳಲ್ಲಿ ಇಂಥ ನೀರು ಕುಡಿದು ದನಕುರಿ ಸತ್ತದ್ದುಂಟು ಎಂದು ಗುರುಗಳು ಒಮ್ಮೆ ಹೇಳಿದ್ದರು. ಆಗ ಅದು ದೂರದ ಯಾವುದೋ ದೇಶದ ಕಥೆಯಾಗಿತ್ತು.

"ಚಾಚಾ, ಇದು ಬಣ್ಣ ಅಲ್ಲ. ಜೀವ ಇದ್ದದ್ದು," ಎಂದಳು. "ಆದ್ರ ಇದ ಕುರಿ ಕೊಂದದ ಅಂತ ನಾ ಇಲ್ಲೇ ಕೂತು ಹೇಳಾಕ ಬರಂಗಿಲ್ಲ. ನಾನೂ ಬರ್ತೀನಿ."

ತಂದೆಗೆ ಇಷ್ಟವಿರಲಿಲ್ಲ. "ಕಾಲ ಹ್ಯಾಂಗದ ಅಂತ ಗೊತ್ತದ ಇಲ್ಲ ನಿನಗ? ಊರಿನವರ ಜಗಳದಾಗ ಯಾಕ ಹೋಗ್ತಿ?" ಎಂದರು. ಅವಳು ಅದಾಗಲೇ ಪೆಟ್ಟಿಗೆಯಲ್ಲಿ ಹುಲ್ಲು ತುಂಬಿ ಖುರ್ದಬೀನನ್ನು ಕೂಡಿಸುತ್ತಿದ್ದಳು.

ಕರೇಕಲ್ ದೊಡ್ಡಿಯಲ್ಲಿ ಅವಳನ್ನು ಯಾರೂ ಬರಮಾಡಿಕೊಳ್ಳಲಿಲ್ಲ. ವಹಾಬ ತನ್ನ ಕಡೆಯವಳನ್ನು ಕರೆತಂದಿದ್ದಾನೆ ಎಂದೇ ಎಲ್ಲರ ಎಣಿಕೆ. ಅವಳು ಸೆರಗು ಸಿಕ್ಕಿಸಿಕೊಂಡು ಬಂಡೆಯ ಹತ್ತಿರ ನೀರಿಗೆ ಬಾಗಿದಾಗ ಮಾಳಮ್ಮ ಮಾತ್ರ ಕುಡುಗೋಲು ಹಿಡಿದು ತುಸು ದೂರ ನಿಂತಳು.

"ಅಕ್ಕೋರ, ಅದನ್ನ ಮುಟ್ಟಬ್ಯಾಡ್ರಿ. ಮೊದಲ ನನ್ನ ಕುರಿ ಹೋಗ್ಯಾವ."

"ಇದಕ್ಕ ನೀವೇನಂತೀರಿ ಅಕ್ಕ? ನಮ್ಮ ಭಾಷಾದಾಗ ಇಂಥಾದಕ್ಕ ಕಾಯಿ ಅಂತಾರ."

"ಕಾಯಿ?" ಮಾಳಮ್ಮನ ಹುಬ್ಬು ಮೇಲೇರಿತು. "ಯಾವ ಗಿಡದ ಕಾಯಿರಿ?"

ಖುರ್ಷೀದ ನಕ್ಕುಬಿಟ್ಟಳು. ಮಾಳಮ್ಮ ನಗಲಿಲ್ಲ, ಆದರೆ ಎರಡು ಹೆಜ್ಜೆ ಹತ್ತಿರ ಬಂದಳು. "ಕಲ್ಲಿಗಿ ಹತ್ತತೈತಲ್ಲ, ಜಾರತೈತಲ್ಲ, ಅದಕ್ಕ ನಾವು ಹಾಂವಸಿ ಅಂತೀವಿ. ಆದ್ರ ಇದು ಹಾಂವಸಿ ಅಲ್ಲ. ಹಾಂವಸಿ ಆದ್ರ ಕೋಲಿಗಿ ನಾರಿನಂಗ ಸುತ್ತಿ ಬರ್ತೈತಿ." ದಂಡೆಯಲ್ಲಿ ಬಿದ್ದಿದ್ದ ಕೋಲೊಂದನ್ನು ನೀರಿಗಿಳಿಸಿ ಎತ್ತಿದಳು. ಕೋಲಿಗೆ ಬಣ್ಣ ಮೆತ್ತಿದಂತೆ ಹಸಿರು ಹತ್ತಿತ್ತು, ಒಂದೆಳೆಯೂ ಜೋತುಬೀಳಲಿಲ್ಲ. "ನೋಡ್ರಿ. ಬಣ್ಣನ ಇದು."

"ನನಗೂ ಹಂಗ ಅನ್ನಿಸಿತ್ತು. ಎರಡು ಗಾಜಿನ ಭರಣಿ ತಂದೀನಿ. ನೋಡೂಣೇನು?"

ಬಾಲಪ್ಪನ ಮನೆಯ ಕಟ್ಟೆಯ ಮೇಲೆ ಎರಡು ಭರಣಿಗಳನ್ನಿಟ್ಟರು. ಒಂದರಲ್ಲಿ ಕೆರೆಯ ಹಸಿರು ನೀರು. ಇನ್ನೊಂದರಲ್ಲಿ ವಹಾಬನ ಹಂಡೆಯ ಅಡಿಯಲ್ಲಿ ಉಳಿದಿದ್ದ ಹಸಿರನ್ನು ಬೆರೆಸಿದ ಬಾವಿಯ ನೀರು. ಎರಡನ್ನೂ ಮಾಳಮ್ಮನೇ ತುಂಬಿ ಎರಡನ್ನೂ ತಾನೇ ಕಲಕಿದಳು. ಕುರಿ ಮೇಯಿಸಲು ಹೊರಟವರೂ ನಿಂತರು. ಬಿಸಿಲು ಕಟ್ಟೆಗೆ ಬರುವ ಹೊತ್ತಿಗೆ ಕೆರೆಯ ಭರಣಿಯಲ್ಲಿ ಹಸಿರು ಮೇಲೆ ಕಟ್ಟಿತು, ಬಣ್ಣದ ಭರಣಿ ಇದ್ದ ಹಾಗೇ ಇತ್ತು.

"ಹಾಲಿನ ಕೆನಿ ಬಂದಂಗ ಬಂತಲ್ಲೋ," ಎಂದಳು ಮಾಳಮ್ಮ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಆಮೇಲೆ ಅವಳಾಗಿಯೇ ಖುರ್ದಬೀನಿಗೆ ಕಣ್ಣಿಟ್ಟಳು. ಒಂದು ಕಣ್ಣು ಮುಚ್ಚಲು ಬಾರದೆ ಅಂಗೈಯಿಂದ ಒತ್ತಿ ಹಿಡಿದುಕೊಂಡಿದ್ದಳು. "ಅಯ್ಯ, ಇವು ಗುಂಪು ಕಟ್ಟ್ಯಾವ. ಕುರಿ ಹಿಂಡಿನಂಗ ಅದಾವ. ಇಷ್ಟ ಸಣ್ಣವು ನನ್ನ ಕುರಿ ಕೊಂದಾವೇನ್ರಿ?"

ಬಾಲಪ್ಪ ಇಷ್ಟನ್ನೂ ನೋಡಿ ಮೆಲ್ಲಗೆ ಕೇಳಿದ: "ಆತವ್ವ, ಬಣ್ಣ ಅಲ್ಲ ಅನ್ನು. ಹಂಗಾರ ಕೆರಿ ತುಂಬ ಬಿಟ್ಟು ವಹಾಬನ ಬಂಡಿಗಲ್ಲಿನ ಬುಡಕ್ಕ ಯಾಕ ಐತಿ ಅದು?"

ಒಳ್ಳೆಯ ಪ್ರಶ್ನೆ. ಖುರ್ಷೀದ ಕೆರೆಯ ಕಡೆ ತಿರುಗಿ ನೋಡಿದಳು. "ನನಗ ಗೊತ್ತಿಲ್ಲ ಅಜ್ಜಾ. ನಾಕು ದಿನ ಇದ್ದು ನೋಡ್ತೀನಿ," ಎಂದಳು.

ಅವಳು ವಹಾಬನ ಮನೆಯಲ್ಲೇ ಉಳಿದಳು. ಬೆಳಿಗ್ಗೆ ಮಾಳಮ್ಮನೊಂದಿಗೆ ಕೆರೆಯ ಸುತ್ತ ನಡೆಯುವಳು. ಪಡುವಣ ದಂಡೆ ಗಿಳಿಹಸಿರು, ಮೂಡಣದ ಬೀರಪ್ಪನ ಗುಡಿಯ ಕಡೆ ನೀರು ತಿಳಿ. ದಿನವೂ ಹಾಗೆಯೇ. ಒಂದು ದಿನ ಮಾಳಮ್ಮ ಗುಡಿಯ ಹತ್ತಿರ ಜೋಳ ತೂರುತ್ತಿದ್ದಾಗ ಹೊಟ್ಟು ಹಾರಿ ನೀರಿನ ಮೇಲೆ ಬಿತ್ತು. ಖುರ್ಷೀದ ಸುಮ್ಮನೆ ಅದನ್ನೇ ನೋಡುತ್ತ ದಂಡೆಗುಂಟ ಅದರ ಜೊತೆ ನಡೆದಳು. ಹೊಟ್ಟು ತೇಲುತ್ತ ತೇಲುತ್ತ ಮಧ್ಯಾಹ್ನದ ಹೊತ್ತಿಗೆ ವಹಾಬನ ಬಂಡೆಯ ಬುಡಕ್ಕೆ ಬಂದು ಹಸಿರಿನೊಳಗೆ ಸೇರಿಕೊಂಡಿತು.

"ಗಾಳಿ!" ಎಂದು ಕೂಗಿಕೊಂಡಳು. "ಅಕ್ಕಾ, ಗಾಳಿ ತಂದು ಇಲ್ಲಿ ಗುಡ್ಡಿ ಹಾಕಾಕತ್ತದ!"

ಮಾಳಮ್ಮ ಬೆರಳು ನೆನೆಸಿ ಮೇಲೆತ್ತಿ ನೋಡಿದಳು. "ಮೂಡಗಾಳಿ ಐತಿ. ಹೋಳಿ ಹುಣ್ಣಿವಿ ಆದ ಮ್ಯಾಲ ಇದು ತಿರುಗತೈತ್ರಿ. ಪಡುವಲ ಗಾಳಿ ಬೀಸತೈತಿ."

"ಹಂಗಾರ ಆವಾಗ ಈ ಹಸಿರು ಗುಡಿ ಕಡಿ ಹೋಗಬೇಕು."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಹೋದರೆ, ವಹಾಬನ ಮೇಲಿನ ಮಾತಿಗೆ ನೆಲೆಯೇ ಇಲ್ಲ. ಗುಡಿಯ ಕಡೆ ಅವನು ಕಾಲಿಟ್ಟವನೇ ಅಲ್ಲ. ಖುರ್ಷೀದ ನಾಲ್ಕು ದಿನಕ್ಕೆಂದು ಬಂದವಳು ಹುಣ್ಣಿಮೆಯವರೆಗೂ ನಿಂತಳು. ಈ ಊಹೆ ಅವಳಿಗೆ ರುಚಿ ಹತ್ತಿತ್ತು. ನಿಜವಾಗುತ್ತದೋ ಇಲ್ಲವೋ ನೋಡಬೇಕೆಂಬ ಆಸೆಯಲ್ಲಿ ಬೇರೇನೂ ತಲೆಗೆ ಬರಲಿಲ್ಲ. ಮೊದಲೇ ಹೇಳಿ ಸುಳ್ಳಾದರೆ ಮಲ್ಕಪ್ಪ ನಗುತ್ತಾನೆಂಬ ಅಂಜಿಕೆಯೂ ಇತ್ತು. ಯಾರಿಗೂ ಹೇಳುವುದು ಬೇಡ ಎಂದು ಮಾಳಮ್ಮನಿಗೂ ಹೇಳಿಟ್ಟಿದ್ದಳು.

ಹೋಳಿಯ ಬಣ್ಣ ಮೈಮೇಲಿಂದ ಇನ್ನೂ ಪೂರ್ತಿ ಹೋಗಿರಲಿಲ್ಲ. ಒಂದು ಬೆಳಿಗ್ಗೆ ಖುರ್ಷೀದ ಹೊರಗೆ ಬಂದಾಗ ವಹಾಬನ ಬಂಡೆಯ ಬುಡದ ನೀರು ತಿಳಿಯಾಗಿತ್ತು. ಸೆರಗು ಎದುರು ದಿಕ್ಕಿಗೆ ಹಾರುತ್ತಿತ್ತು. ಅವಳು ಭರಣಿ ಹಿಡಿದು ಓಡಿದಳು. ಗುಡಿಯ ಕೆಳಗೆ, ನಿನ್ನೆ ತಳದ ಕಲ್ಲು ಕಾಣುತ್ತಿದ್ದ ಜಾಗದಲ್ಲಿ, ಗಿಳಿಹಸಿರು ಮಡಿಕೆಗಳು ದಂಡೆಗೆ ಬಡಿಯುತ್ತಿದ್ದವು.

"ಬಂತು! ಅಕ್ಕಾ, ಬಂತು ನೋಡ್ರಿ!"

ಮಾಳಮ್ಮ ಬಂದಳು. ಆದರೆ ಅವಳು ನೀರನ್ನು ನೋಡಲಿಲ್ಲ. ದಂಡೆಯ ಹಸಿ ಮಣ್ಣಿನಲ್ಲಿ ಒತ್ತೊತ್ತಾಗಿ ಮೂಡಿದ್ದ ಗೊರಸಿನ ಗುರುತುಗಳನ್ನು ನೋಡುತ್ತಿದ್ದಳು. "ನಮ್ಮ ಮಲ್ಕ ನಸುಕಿನ್ಯಾಗ ಆಡು ಹೊಡ್ಕೊಂಡು ಹೋಗ್ಯಾನ್ರಿ. ಆ ಕಡಿ ನೀರು ವಿಷ ಅಂತ ಈಗೀಗ ದಿನಾ ಇಲ್ಲೇ ಕುಡಸ್ತಾನ."

ಆ ಸಂಜೆಗೆ ಮಲ್ಕಪ್ಪನ ಮೂರು ಆಡುಗಳು ಸತ್ತವು. ಒಂದು ಗಬ್ಬದ ಆಡು. ಕೊಯ್ದು ನೋಡಿದರೆ ಅದೇ ಕಪ್ಪು ಕಲೀಜಿ. ಖುರ್ಷೀದಳ ಊಹೆ ಎಲ್ಲ ರೀತಿಯಿಂದಲೂ ನಿಜವಾಗಿತ್ತು.

ಮಲ್ಕಪ್ಪ ವಹಾಬನ ಮನೆಯ ಬಾಗಿಲಿಗೆ ಬಂದ. ಜಗಳಕ್ಕೆ ಬಂದನೆಂದು ವಹಾಬ ಎದ್ದು ನಿಂತ. ಆದರೆ ಮಲ್ಕಪ್ಪನ ಕಣ್ಣು ಖುರ್ಷೀದಳ ಮೇಲಿತ್ತು.

"ಗಾಳಿ ತಿರುಗಿದ್ರ ಈ ಕಡಿ ಬರ್ತೈತಿ ಅಂತ ನಿಮಗ ಗೊತ್ತಿತ್ತಂತಲ್ರಿ. ನಮ್ಮ ಮಾಳಮ್ಮ ವೈನಿ ಹೇಳಿದ್ಲು."

"ಗೊತ್ತಿರಲಿಲ್ಲ. ಬರಬಹುದು ಅನ್ನಿಸಿತ್ತು."

"ಅನ್ನಿಸಿದ್ದನ್ನ ಹೇಳಾಕ ಬಾಯಿ ಇರಲಿಲ್ಲೇನ್ರಿ? ನೋಡಾಕ ನಿಂತ್ರಿ ನೀವು. ನನ್ನ ಆಡು ನೀರು ಕುಡಿಯೋದು ನೋಡಾಕ."

ಅವನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. "ತಪ್ಪಾತ್ರಿ," ಎಂದಳು. ಮಲ್ಕಪ್ಪ ಹೊರಟುಹೋದ. ಮರುದಿನ ಅವಳು ಪೆಟ್ಟಿಗೆ ಕಟ್ಟಿದಳು. ಇನ್ನು ಶಹಾಪುರಕ್ಕೆ ಹೋಗಿಬಿಡುವುದೆಂದುಕೊಂಡಿದ್ದಳು.

ತಡೆದವನು ಬಾಲಪ್ಪ. ಅವನು ಬೆಳಿಗ್ಗೆಯೇ ಗುಡಿಯ ದಂಡೆಗೆ ಹೋಗಿ ಬಂದಿದ್ದ. ವಹಾಬನ ಅಂಗಳಕ್ಕೆ ಬಂದು, ಬಹಳ ದಿನಗಳ ಮೇಲೆ ಅವನ ಮುಖ ನೋಡಿ ಕೂತ. "ವಹಾಬ, ಒಲಿ ಯಾಕ ಹಚ್ಚಿಲ್ಲ? ನನ್ನ ರುಮಾಲಿನ ಬಣ್ಣ ಪೂರ ಹಾರ್‍ಯಾದ," ಎಂದು ತಲೆಯಿಂದ ರುಮಾಲು ಬಿಚ್ಚಿ ಅವನ ಕೈಗಿಟ್ಟ. ವಹಾಬ ಅದನ್ನು ಎರಡು ಕೈಯಲ್ಲಿ ಹಿಡಿದು ಬಿಸಿಲಿಗೆ ಎತ್ತಿ ನೋಡಿದ. ಬಾಲಪ್ಪ ಆಮೇಲೆ ಖುರ್ಷೀದಳ ಕಡೆ ತಿರುಗಿದ.

"ನೀ ಹ್ವಾದ್ರ ಅದು ಹೋಗತೈತೇನವ್ವ? ದಿನಾ ಯಾವ ದಂಡಿಗಿ ಐತಿ ಅಂತ ನೋಡಿ ಹೇಳೋದು ಹ್ಯಾಂಗ, ಅದನ್ನ ಕಲಿಸಿ ಹೋಗು."

ಹೀಗೆ ಕೆರೆ ಕಾಯುವ ಕೆಲಸ ಶುರುವಾಯಿತು. ವಹಾಬನ ಹೆಂಡತಿ ಒಂದು ಬಿಳಿ ಚೀನಿ ತಾಟು ಕೊಟ್ಟಳು. ಅದಕ್ಕೆ ಕಲ್ಲು ಕಟ್ಟಿ, ಹಗ್ಗಕ್ಕೆ ಗೇಣಿಗೊಂದು ಗಂಟು ಹಾಕಿ, ಬೆಳಿಗ್ಗೆ ನೀರಿಗೆ ಇಳಿಬಿಡುವುದು. ತಾಟು ಎಷ್ಟು ಗೇಣಿನವರೆಗೆ ಕಾಣುತ್ತದೋ ನೀರು ಅಷ್ಟು ತಿಳಿ. ಒಂದೇ ಗೇಣಿಗೆ ಮಾಯವಾದರೆ ಆ ದಂಡೆಗೆ ಕುರಿ ಬಿಡಬಾರದು. ಅನುಮಾನವಿದ್ದರೆ ಭರಣಿಯಲ್ಲಿ ತುಂಬಿ ಇಟ್ಟು ಕೆನೆ ಕಟ್ಟುತ್ತದೋ ನೋಡುವುದು. ಕೆಟ್ಟ ದಂಡೆಯಿಂದ ದೂರ, ಉಸುಕಿನಲ್ಲಿ ಒರತೆ ತೋಡಿ, ಸೋಸಿ ಬಂದ ನೀರನ್ನು ಕಲ್ಲುತೊಟ್ಟಿಯಂಥ ದೋಣಿಗೆ ಹಾಕಿ ಕುಡಿಸುವುದು ಮಾಳಮ್ಮನ ಸಲಹೆ. ದಂಡೆ ನೋಡುವ ಕೆಲಸವನ್ನೂ ಅವಳೇ ವಹಿಸಿಕೊಂಡಳು. ಆ ಹಸಿರಿಗೆ ಹೆಸರಿಟ್ಟವಳೂ ಅವಳೇ, ಕೆನೆಹಾಂವಸಿ ಎಂದು. ಖುರ್ಷೀದ ಆ ಶಬ್ದವನ್ನು ಎರಡು ಸಲ ಬಾಯಲ್ಲಿ ಆಡಿಸಿ ನೋಡಿ, ಇದಕ್ಕಿಂತ ಚಂದದ್ದು ತನಗೆ ಸಿಕ್ಕುತ್ತಿರಲಿಲ್ಲ ಎಂದಳು.

ಇನ್ನು ಉಳಿದದ್ದು ದೂರದಿಂದ ಬರುವವರಿಗೆ ತಿಳಿಸುವುದು. ಕೆಟ್ಟ ದಂಡೆಗೆ ಒಂದು ಬಾವುಟ ನೆಡೋಣ ಎಂದು ಖುರ್ಷೀದ ಹೇಳಿದಳು. ಬಟ್ಟೆಗೆ ಬಣ್ಣ ಹಾಕಿಕೊಡಲು ವಹಾಬ ತಯಾರಾದ. ಯಾವ ಬಣ್ಣ ಎಂಬಲ್ಲಿಗೆ ಕಟ್ಟೆಯ ಮೇಲೆ ದೊಡ್ಡ ಪಂಚಾಯ್ತಿಯಾಯಿತು.

"ಕೆಂಪು ಹಾಕ್ರಿ, ದೂರಕ್ಕ ಕಾಣ್ತದ," ಎಂದ ವಹಾಬ.

"ಕೆಂಪು ಕಂಡ್ರ ಕಮ್ಯುನಿಸ್ಟ್ ಸಂಘದ ಮಂದಿ ಬಂದಾರ ಅಂತ ಪೊಲೀಸರು ಲಾರಿ ತುಂಬ ಬರ್ತಾರ," ಎಂದ ಬಾಲಪ್ಪ.

"ಹಸಿರು?" ಎಂದ ಹಿಂದಿನಿಂದ ಯಾರೋ ಒಬ್ಬ.

ಹಸಿರು ಎಂಬ ಮಾತೇ ಆ ದಿನಗಳಲ್ಲಿ ಹಿಂದೂ, ಮುಸಲ್ಮಾನ ಎರಡೂ ಕಡೆಯವರಿಗೆ ಚುಚ್ಚುತ್ತಿತ್ತು.

"ಹಳದಿ ಹಾಕ್ರಿ. ಅರಿಶಿನ ಶುಭ," ಎಂದಳು ಮಾಳಮ್ಮ.

"ಹಳದಿ ನಿಜಾಮರ ಬಾವುಟ ಅಲ್ಲೇನು? ಈಗ ಏರಿಸಿದ್ರ ಜೇಲಿಗೆ ಹಾಕ್ತಾರ," ಎಂದಳು ಖುರ್ಷೀದ.

ಬಿಳಿ ಎಂದರೆ ಮಿಲ್ಟ್ರಿ ಬಂದಾಗ ಶರಣು ಎಂದು ಏರಿಸಿದ್ದು. ಕೇಸರಿ ಎಂದರೆ ಮತ್ತೊಂದು. ಒಂದೊಂದೇ ಬಣ್ಣ ಬಿದ್ದುಹೋಯಿತು. ವಹಾಬ ತಲೆಯ ಮೇಲೆ ಕೈ ಹೊತ್ತು ನಕ್ಕ. "ಇಷ್ಟ ವರ್ಷ ಬಣ್ಣ ಮಾಡೀನಿ, ಜಗಳ ಇಲ್ಲದ್ದು ಒಂದೂ ಇಲ್ಲಲ್ರಿ!"

ಅಷ್ಟು ಹೊತ್ತು ಹಿಂದೆ ಗೋಡೆಗೆ ಒರಗಿ ನಿಂತಿದ್ದ ಮಲ್ಕಪ್ಪ ಮೊದಲ ಬಾರಿಗೆ ಬಾಯಿಬಿಟ್ಟ. "ಕಂಬಳಿ ಕಟ್ರಿ. ಕರಿ ಕಂಬಳಿ. ಅದಕ್ಕ ಯಾರು ಏನಂತಾರ?" ಹೆಗಲ ಮೇಲಿನ ಹಳೆಯ ಕಂಬಳಿಯ ಅಂಚನ್ನು ಕುಡುಗೋಲಿನಿಂದ ಕೊಯ್ದು ಕೊಟ್ಟ.

ಅಂದಿನಿಂದ ಬಿದಿರ ಗಳಕ್ಕೆ ಕಟ್ಟಿದ ಕರಿ ಕಂಬಳಿಯ ತುಂಡು ಗಾಳಿಗೆ ತಕ್ಕಂತೆ ಒಮ್ಮೆ ಈ ದಂಡೆ, ಒಮ್ಮೆ ಆ ದಂಡೆ ಮಾಡುತ್ತ ಬೇಸಿಗೆಯುದ್ದಕ್ಕೂ ನಿಂತಿತು. ಹುಣಸಗಿಯ ಕಡೆಯಿಂದ ಮಂದೆ ಹೊಡೆದುಕೊಂಡು ಬಂದವರೂ ಅದನ್ನು ಕಂಡು ಕೇಳಿ ತಿಳಿದು ಬೇರೆ ದಂಡೆಗೆ ಇಳಿದರು. ಮತ್ತೆ ಕುರಿ ಸಾಯಲಿಲ್ಲ. ಮುಂಗಾರು ಬಿದ್ದು ಕೆರೆ ಕೆಂಪಾಗಿ ತುಂಬಿದಾಗ ಹಸಿರು ಕಾಣದಾಯಿತು. ಈ ವರ್ಷವೇ ಯಾಕೆ ಬಂತೆಂದು ಮಾತ್ರ ತಿಳಿಯಲಿಲ್ಲ. ಗಲಾಟೆಯ ವರ್ಷಗಳಲ್ಲಿ ಯಾರೂ ಹೂಳು ತೆಗೆಯದೆ ನೀರಿನ ಆಳ ಕಡಿಮೆಯಾದದ್ದೇ ಕಾರಣವೆಂದು ಬಾಲಪ್ಪನ ಲೆಕ್ಕ. ಇರಬಹುದು, ನೋಡಬೇಕು ಎಂದು ಖುರ್ಷೀದಳ ಲೆಕ್ಕ.

ಕೆಲಸ ಕಲಿಸಿ ಶಹಾಪುರಕ್ಕೆ ಮರಳಿದ್ದ ಅವಳು ಶಾಲೆ ತೆರೆಯುವ ಮುನ್ನ ಒಮ್ಮೆ ದೊಡ್ಡಿಗೆ ಬಂದುಹೋದಳು. ಮರಳುವಾಗ ಬಂಡಿದಾರಿಯವರೆಗೆ ಪೆಟ್ಟಿಗೆ ಹೊತ್ತುಕೊಂಡು ಬಂದವನು ಮಲ್ಕಪ್ಪ. ಆಡಿನ ವಿಷಯ ಅವನು ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಸಗರದ ಬಂಡಿ ದೂರದಲ್ಲಿ ಕಂಡಾಗ ಅವನೇ ಮಾತು ತೆಗೆದ.

"ಅಕ್ಕೋರ, ಒಂದು ಮಾತು. ಬ್ಯಾಸಿಗ್ಯಾಗ ನಾನೂ ನೋಡ್ಕೋತ ಇದ್ದೆ. ಮುಂಜಾನಿ ಅದು ಮ್ಯಾಲ ದಪ್ಪ ಇರ್ತಿತ್ತು. ಗಾಳಿ ಇಲ್ಲದ ದಿನಾನೂ ಸಂಜಿಕ ಅರ್ಧ ಇರ್ತಿದ್ದಿಲ್ಲ. ಮರುದಿನ ಮತ್ತ ಅಷ್ಟೇ. ಎಲ್ಲಿ ಹೋಗಿ ಬರ್ತಿತ್ರಿ ಅದು?"

ಖುರ್ಷೀದ ನಡೆಯುವುದನ್ನು ನಿಲ್ಲಿಸಿದಳು. ಇದನ್ನು ಅವಳು ಗಮನಿಸಿಯೇ ಇರಲಿಲ್ಲ. "ತಳಕ್ಕ ಇಳೀತದೇನೋ. ಯಾಕ ಇಳೀತದ, ನನಗ ಗೊತ್ತಿಲ್ಲ."

"ಭರಣ್ಯಾಗ ತುಂಬಿ ದಿನಪೂರ್ತಿ ಇಟ್ರ ಗೊತ್ತಾಗತೈತೇನು?"

"ಮುಂದ ಮತ್ತ ಬಂದ್ರ ಬಿಸಿಲಿಗೊಂದು, ನೆರಳಿಗೊಂದು ಇಡು," ಎಂದಳು. "ನನಗ ಹೇಳಿಕಳಿಸು. ಅದಕ್ಕೂ ಮೊದಲ ಊರಾಗ ಹೇಳು."

ಮಲ್ಕಪ್ಪ ಪೆಟ್ಟಿಗೆಯನ್ನು ಬಂಡಿಯಲ್ಲಿ ಹುಲ್ಲಿನ ಮೇಲೆ ಜೋಕೆಯಾಗಿ ಇಟ್ಟು, ಹಗ್ಗ ಬಿಗಿದ.